ದೊಡ್ಡಪ್ಪನಿಗೆ ರೆಡ್ ಕಾರ್ಡ್

ಮೀನಿಗೆ ಯಾರಾದರೂ ರೆಡ್ ಕಾರ್ಡ್ ತೋರಿಸುತ್ತಾರೆಯೇ? ಪೀಪಿ ತೋರಿಸಿದ. ಬನಿಯನ್-ಚಡ್ಡಿಯಲ್ಲಿ ಹಜಾರದ ನಟ್ಟನಡುವೆ ನಿಂತು, ಕೊರಳಲ್ಲಿ ಸೀಟಿ ತೂಗುಬಿಟ್ಟುಕೊಂಡು, ಬೆಳ್ಳಂಬೆಳಗ್ಗೆ ಮೀನಿನ ತೊಟ್ಟಿಯ ಮುಂದೆ ಕೈಯೆತ್ತಿ ಕೆಂಪು ಕಾರ್ಡು ಹಿಡಿದ. ಒಳಗಿದ್ದ ನೀಲಿ ಮೀನು ಅದನ್ನು ತಿಂಡಿಯೆಂದೇ ತಿಳಿದು ಗಾಜಿಗೆ ಬಾಯಿ ಒತ್ತಿ ಪಚಪಚ ಮಾಡಿತು.

“ನೋಡಮ್ಮ, ತಪ್ಪು ಮಾಡಿದ್ದಲ್ದೆ ವಾದ ಬೇರೆ!” ಎಂದು ಪೀಪಿ ಕೂಗಿದ.

“ವಾದ ಅಲ್ಲ ಕಣೋ, ಹಸಿವು. ಅದಕ್ಕೂ ಒಂದಿಷ್ಟು ಹಾಕು, ನೀನೂ ಏನಾದ್ರೂ ತಿನ್ನು, ಆಮೇಲೆ ಕುಣಿಯುವಿಯಂತೆ,” ಎಂದರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದ ಅವನ ಅಮ್ಮ.

ಪೀಪಿ ಸಾಮಾನ್ಯ ಆಸಾಮಿಯಲ್ಲ. ವಾರವಿಡೀ ಅವನು ತೂಕ ಮತ್ತು ಅಳತೆ ಕಚೇರಿಯ ನೌಕರ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಯ ಮುಳ್ಳು ನೆಟ್ಟಗಿದೆಯೇ ಎಂದು ನೋಡಿ ಮುದ್ರೆ ಒತ್ತುವವನು. ಭಾನುವಾರ ಬಂತೆಂದರೆ ಹೆಂಗಸರ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿ. ಮಾತಿಗಿಂತ ಹೆಚ್ಚು ಸೀಟಿ ಊದುತ್ತಾನೆಂದು ಆಟಗಾರ್ತಿಯರು ಪೀಪಿ ಅಂದರು, ಆ ಹೆಸರೇ ಅಂಟಿಕೊಂಡಿತು. ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಕೊಟ್ಟ ತೀರ್ಪನ್ನು ಒಮ್ಮೆಯೂ ವಾಪಸು ತೆಗೆದುಕೊಂಡಿರಲಿಲ್ಲ. ಮೊದಲನೆಯದಕ್ಕೆ ಎರಡನೆಯದೇ ಕಾರಣ ಎಂದು ಅಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಇನ್ನು ಆ ಮೀನುಗಳು. ಅವು ಆಫ್ರಿಕದ ಸಿಕ್ಲಿಡ್‌ಗಳು. ಬಣ್ಣ ನೋಡಿದರೆ ಕಣ್ಣು ತಂಪು, ಗುಣ ನೋಡಿದರೆ ಅಯ್ಯಯ್ಯೋ! ಯಾವುದೋ ಮಹಾ ಸರೋವರದ ಬಂಡೆಗಳ ಸಂದುಗೊಂದಿನಲ್ಲಿ ಬೆಳೆದ ವಂಶ. ಅಂಗೈ ಅಗಲದ ಕಲ್ಲು ಕಂಡರೂ ಸಾಕು, ಇದು ನಂದು, ಕಾಲಿಟ್ಟೆಯೋ ಜೋಕೆ ಎನ್ನುವ ಜಾತಿ. ಅಮ್ಮ ಅವುಗಳಿಗೆ ನೆಂಟರ ಹೆಸರಿಟ್ಟಿದ್ದರು. ಎಲ್ಲಕ್ಕಿಂತ ದೊಡ್ಡ ನೀಲಿ ಮೀನು ದೊಡ್ಡಪ್ಪ. ಕಿತ್ತಳೆ ಬಣ್ಣದ್ದು ಸೋದರಮಾವ. ಸದಾ ಒಬ್ಬರ ಹಿಂದೆ ಒಬ್ಬರು ಸುತ್ತುವ ಎರಡು ಬೂದು ಮೀನುಗಳು ಷಡ್ಡಕರು. ಬಿಳಿಚಿಕೊಂಡ ಅಂಜುಬುರುಕಿ ಸೊಸೆ. ಮತ್ತೆ, ಹಳದಿ ಮೈಯ ಉದ್ದಕ್ಕೂ ಕಪ್ಪು ಪಟ್ಟೆ ಎಳೆದುಕೊಂಡು, ಈಗಷ್ಟೇ ಸ್ನಾನ ಮಾಡಿ ಬಂದಂತಿರುವ ಪುಟ್ಟದೊಂದು ಚಿಕ್ಕಮ್ಮ.

ಕೆಲವು ದಿನಗಳಿಂದ ತೊಟ್ಟಿಯಲ್ಲಿ ರಣರಂಗ. ಸೊಸೆಯ ಬಾಲ ಹರಿದ ಕಾಗದದಂತಾಗಿತ್ತು. ಅವಳು ರೆಕ್ಕೆ ಮುದುರಿಕೊಂಡು ಮೇಲಿನ ಮೂಲೆಯಲ್ಲಿ, ನೀರು ಸೋಸುವ ಪೈಪಿನ ಹಿಂದೆ ಅಡಗಿದ್ದವಳು ಊಟಕ್ಕೂ ಇಳಿಯುತ್ತಿರಲಿಲ್ಲ. ಷಡ್ಡಕರಲ್ಲೊಬ್ಬನ ಬೆನ್ನಿನ ಹುರುಪೆ ಎದ್ದಿತ್ತು. ಪೀಪಿ ಕುರ್ಚಿ ಎಳೆದುಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕೂತ. ನೀರು ಅಲ್ಲೋಲಕಲ್ಲೋಲವಾದ ಕಡೆ ನೋಡಿದರೆ ಪ್ರತಿ ಸಲವೂ ದೊಡ್ಡಪ್ಪನೇ! ಕಪ್ಪಿಡುವಷ್ಟು ನೀಲಿಯಾಗಿ, ರೆಕ್ಕೆಯನ್ನೆಲ್ಲ ಬಿಚ್ಚಿ, ಪಾಪದ ಚಿಕ್ಕಮ್ಮನನ್ನು ತೊಟ್ಟಿಯ ಈ ತುದಿಯಿಂದ ಆ ತುದಿಗೆ ಅಟ್ಟಾಡಿಸುತ್ತಿದ್ದ. ಇನ್ನೇನು ವಿಚಾರಣೆ ಬೇಕು? ಕಾರ್ಡು ತೋರಿಸಿ, ಬಲೆಯಲ್ಲಿ ಹಿಡಿದು, ಬಕೆಟ್ಟಿಗೆ ಹಾಕಿ, ಗಾಳಿಯ ನಳಿಗೆ ಇಳಿಬಿಟ್ಟು, ಹಾರದಂತೆ ಮೇಲೊಂದು ತಟ್ಟೆ ಮುಚ್ಚಿದ.

“ಪಕ್ಕಾ ಅವನೇನಾ?” ಎಂದರು ಅಮ್ಮ.

“ಕಣ್ಣಾರೆ ಕಂಡಿದ್ದೀನಿ.”

“ಹೋದ ಭಾನುವಾರನೂ ಹೀಗೇ ಅಂದೆ,” ಎಂದು ಅಮ್ಮ ಬೀನ್ಸಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಪೀಪಿಯ ಮುಖ ಸಪ್ಪಗಾಯಿತು.

ಹೋದ ಭಾನುವಾರದ ಕತೆ ಹೇಳಲೇಬೇಕು, ಇಲ್ಲದಿದ್ದರೆ ಈ ಮನುಷ್ಯ ಮೀನುಗಳ ಮೇಲೇಕೆ ಹೀಗೆ ಹರಿಹಾಯುತ್ತಿದ್ದಾನೆ ಎಂದು ನಿಮಗೆ ತಿಳಿಯುವುದಿಲ್ಲ. ಗಾಜಿನಂಗಡಿಯಲ್ಲಿ ಗಾಜು ಕತ್ತರಿಸುವವಳೊಬ್ಬಳಿದ್ದಳು. ಈ ತೊಟ್ಟಿಯನ್ನು ಅಂಟಿಸಿ ಕಟ್ಟಿಕೊಟ್ಟವಳೇ ಅವಳು. ಭಾನುವಾರ ಅವಳು ಗೋಲ್‌ಕೀಪರ್. ಚೆಂಡು ಅವಳನ್ನು ದಾಟಿ ಹೋಗುವುದೇ ಅಪರೂಪವಾದ್ದರಿಂದ ಅವಳಿಗೆ ಗೋಡೆ ಎಂದು ಹೆಸರು. ತೊಟ್ಟಿ ಸೋರುತ್ತಿದೆಯೇ ಎಂದು ನೋಡಲು ಬಂದವಳು ಸೋರದಿದ್ದರೂ ಬರತೊಡಗಿದಳು. ಬಂದಾಗ ಅಮ್ಮನ ಜೊತೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು, ಪೀಪಿಯನ್ನು ‘ನೀನು’ ಎನ್ನುತ್ತಿದ್ದಳು. ಪೀಪಿಗೆ ಅವಳೆಂದರೆ ಪ್ರಾಣ. ನನ್ನನ್ನು ಮದುವೆಯಾಗ್ತೀಯಾ ಎಂಬ ಎರಡೇ ಪದದ ಮಾತನ್ನು ತಿಂಗಳುಗಟ್ಟಲೆ ಗಂಟಲಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ. ಸೆಮಿಫೈನಲ್ ಮುಗಿದ ಮೇಲೆ ಕೇಳಿಯೇಬಿಡುವುದು ಎಂದು ಹೊಸ ಅಂಗಿಯನ್ನೂ ಇಸ್ತ್ರಿ ಮಾಡಿಟ್ಟಿದ್ದ.

ಆ ಸೆಮಿಫೈನಲ್ಲಿಗೆ ರೆಫರಿ ಅವನೇ. ಗೋಡೆ ಬಿದ್ದು ಚೆಂಡು ಹಿಡಿದಳು. ಪೀಪಿ ಬೆನ್ನು ತಿರುಗಿಸಿ ನಡುಗೆರೆಯ ಕಡೆ ಓಡುತ್ತಿದ್ದ. ಧಡ್ ಎಂದು ಸದ್ದಾಯಿತು. ತಿರುಗಿದರೆ, ಗೋಡೆ ಎಸೆದ ಚೆಂಡು ಎದುರು ಪಕ್ಷದ ಫಾರ್ವರ್ಡ್ ಹುಡುಗಿಯ ಬೆನ್ನಿಗೆ ಬಡಿದು ಪುಟಿಯುತ್ತಿದೆ. ಪೀಪಿಯ ಕೈ ಆಗಲೇ ಜೇಬಿಗೆ ಹೋಗಿತ್ತು. ರೆಡ್ ಕಾರ್ಡ್! ಗೋಡೆ ಹತ್ತಿರ ಬಂದು, “ನಿಮಗೆ ಯಾವಾಗ್ಲೂ ಎರಡನೇ ಏಟು ಮಾತ್ರ ಕಾಣ್ಸತ್ತೆ, ರೆಫರಿಗಳೇ,” ಎಂದು ಕೈಗವಸು ಬಿಚ್ಚುತ್ತ ಹೊರಗೆ ನಡೆದಳು. ‘ನೀವು’, ‘ರೆಫರಿಗಳೇ’! ಆ ಬಹುವಚನ ಅವನಿಗೆ ಕಪಾಳಮೋಕ್ಷದಂತೆ ಬಡಿಯಿತು.

ರೆಡ್ ಕಾರ್ಡ್ ಬಿದ್ದವರಿಗೆ ಮುಂದಿನ ಪಂದ್ಯವಿಲ್ಲ. ಅವಳ ತಂಡ ಹೇಗೋ ಗೆದ್ದಿತ್ತು, ಹಾಗಾಗಿ ಮುಂದಿನದು ಫೈನಲ್. ಮಂಡಿ ಕೈಕೊಡುತ್ತಿದೆ, ಈ ಫೈನಲ್ ಆಡಿ ನಿಲ್ಲಿಸಿಬಿಡ್ತೀನಿ ಎಂದು ಅವಳು ವರ್ಷದಿಂದ ಹೇಳುತ್ತಿದ್ದಳು. ಈಗ ಅದೂ ಹೋಯಿತು, ಇವನೂ ಹೋದ. ಗಾಜಿನಂಗಡಿಯ ಮುಂದೆ ಹಾದುಹೋದರೆ ಅವಳು ತಲೆಯೆತ್ತುತ್ತಿರಲಿಲ್ಲ.

“ಹೋಗಿ ತಪ್ಪಾಯ್ತು ಅನ್ನೋ,” ಎಂದು ಅಮ್ಮ ದಿನಾ ಹೇಳಿದರು.

“ಚೆಂಡು ಎಸೆದಿದ್ದು ಸುಳ್ಳಾ? ಕೊಟ್ಟ ತೀರ್ಪು ಕೊಟ್ಟಾಯ್ತು,” ಎಂದು ಇವನು ದಿನಾ ಹೇಳಿದ.

ದೊಡ್ಡಪ್ಪನನ್ನು ಹೊರಗೆ ಹಾಕಿದ ಮೇಲೆ ಪೀಪಿ ಮೀನಿನಂಗಡಿಗೆ ಹೋದ. ಮೀನಿನಂಗಡಿಯವನು ಅವನ ಹಳೆಯ ಗೆಳೆಯ. ಭಾನುವಾರಗಳಂದು ಗೆರೆಯ ಪಕ್ಕ ಬಾವುಟ ಹಿಡಿದು ಓಡುವ ಲೈನ್ಸ್‌ಮನ್ ಕೂಡ. ಏನೇ ಕಷ್ಟ ಹೇಳಿಕೊಂಡರೂ ಇನ್ನೆರಡು ಮೀನು ತಗೋ ಎನ್ನುವುದು ಅವನ ಅಭ್ಯಾಸ.

“ರೌಡಿನ ಹೊರಗೆ ಹಾಕಿದ್ದು ಒಳ್ಳೇದು,” ಎಂದ ಅವನು, ಕೈ ಮೊಣಕೈವರೆಗೆ ನೀರಿನಲ್ಲಿಟ್ಟುಕೊಂಡೇ. “ಕೆಲವು ದಿನ ಬಿಟ್ಟು, ಕಲ್ಲನ್ನೆಲ್ಲ ಕಿತ್ತು ಬೇರೆ ಥರ ಜೋಡ್ಸಿ, ಆಮೇಲೆ ಬಿಡು. ಹಳೇ ಜಾಗ ಯಾರಿಗೂ ಗುರುತು ಸಿಗಬಾರದು. ಎಲ್ರೂ ಹೊಸಬರಾಗ್ತಾರೆ, ಜಗಳ ಮರೀತಾರೆ. ಇನ್ನೂ ನಾಲ್ಕು ಮೀನು ತಗೊಂಡು ಹೋಗು. ಒಬ್ಬರ ಮೇಲೆ ಬೀಳೋ ಏಟು ಹತ್ತು ಜನಕ್ಕೆ ಹಂಚಿ ಹೋಗತ್ತೆ.”

“ಗೊತ್ತಿತ್ತು ನೀನು ಹೀಗಂತೀಯ ಅಂತ.”

“ಆದ್ರೆ ರೌಡಿ ಅವನೇ ತಾನೆ? ಯಾರು ಓಡಿಸ್ತಾರೆ ಅಂತ ನೋಡ್ಬೇಡ ಕಣಯ್ಯ. ಯಾರ ರೆಕ್ಕೆ ಒಂಚೂರೂ ಹರಿದಿಲ್ಲ ಅಂತ ನೋಡು.”

“ಹರಿದಿಲ್ಲ ಅಂದ್ರೆ ಒಳ್ಳೇ ನಡತೆ ಅಂತ ಅರ್ಥ. ನಮ್ ಚಿಕ್ಕಮ್ಮನ್ನ ನೋಡು, ಮೈಮೇಲೆ ಒಂದು ಗೀರಿಲ್ಲ,” ಎಂದು ಪೀಪಿ ಹೆಮ್ಮೆಯಿಂದ ಹೇಳಿದ. ಮೀನಿನಂಗಡಿಯವನು ಇವನ ಮುಖವನ್ನೊಮ್ಮೆ ನೋಡಿ, ಇನ್ನೊಂದು ತೊಟ್ಟಿಗೆ ಕೈ ಹಾಕಿದ.

ಮರುದಿನ ಬೆಳಗ್ಗೆ ನೋಡಿದರೆ ಷಡ್ಡಕರಲ್ಲಿ ಇನ್ನೊಬ್ಬನ ಬಾಲವೂ ಚಿಂದಿ! ದೊಡ್ಡಪ್ಪ ಬಕೆಟ್ಟಿನಲ್ಲಿದ್ದಾನೆ, ಹಾಗಾದರೆ ಇದು ಯಾರ ಕೆಲಸ? ಪೀಪಿ ಮತ್ತೆ ಕುರ್ಚಿ ಎಳೆದ. ನೀರು ಕದಡಿತು, ನೋಡಿದ: ಸೋದರಮಾವ ಚಿಕ್ಕಮ್ಮನ ಬೆನ್ನು ಹತ್ತಿದ್ದಾನೆ. ಪುರ್‍ರ್ ಎಂದು ಸೀಟಿ! ಪಕ್ಕದ ಮನೆಯವರ ನಾಯಿ ಬೊಗಳಿತು. ಸೋದರಮಾವ ಬಟ್ಟೆ ಒಗೆಯುವ ಟಬ್ಬಿಗೆ ಹೋದ. ಅದಾದ ಮೇಲೆ ಷಡ್ಡಕರು ಚಿಕ್ಕಮ್ಮನ ಮೇಲೆ ಏರಿಹೋದರು. ಒಬ್ಬನಿಗೆ ದೊಡ್ಡ ಪಾತ್ರೆ, ಇನ್ನೊಬ್ಬನಿಗೆ ಪೀಪಿ ಕೂಸಾಗಿದ್ದಾಗ ಸ್ನಾನ ಮಾಡಿಸುತ್ತಿದ್ದ ಪ್ಲಾಸ್ಟಿಕ್ ತೊಟ್ಟಿ. ಬಚ್ಚಲುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲ ಕಡೆ ಗಾಳಿಯ ನಳಿಗೆಗಳು, ಎಲ್ಲ ಕಡೆ ಗುಳುಗುಳು ಸದ್ದು. ಅಮ್ಮ ಚೊಂಬಿನಲ್ಲಿ ನೀರು ಹಿಡಿದು ಮುಖ ತೊಳೆದುಕೊಳ್ಳುವಂತಾಯಿತು.

“ಏನೋ ಇದು, ಆಟಗಾರರೆಲ್ಲ ಹೊರಗೆ, ಮೈದಾನ ಖಾಲಿ!” ಎಂದರು. “ಅನ್ನ ಯಾವುದರಲ್ಲಿ ಮಾಡ್ಲಿ, ನಿನ್ನ ತಲೆ ಮೇಲಾ?”

ತೊಟ್ಟಿಯಲ್ಲಿ ಉಳಿದವರು ಇಬ್ಬರೇ. ಚಿಕ್ಕಮ್ಮ ಮತ್ತು ಸೊಸೆ. ಪೀಪಿ ನೆಮ್ಮದಿಯಿಂದ ಕಚೇರಿಗೆ ಹೋದ. ಅವತ್ತು ಎಷ್ಟು ಖುಷಿಯಾಗಿದ್ದನೆಂದರೆ ಮುಳ್ಳು ಕೂದಲೆಳೆಯಷ್ಟು ವಾಲಿದ್ದ ತಕ್ಕಡಿಯ ಅಂಗಡಿಯವನನ್ನೂ ಬೈಯದೆ, ಸರಿಮಾಡಿಸ್ಕೊಳ್ಳಪ್ಪ ಎಂದಷ್ಟೇ ಹೇಳಿ ಬಂದ. ಸಂಜೆ ಮನೆಗೆ ಬಂದು ದೀಪ ಹಾಕಿದರೆ, ಸೊಸೆಯ ಬಾಲದಲ್ಲಿ ಹೊಸ ಹರಕು.

ಪೀಪಿ ನಿಂತಲ್ಲೇ ನಿಂತ. ಅಮ್ಮ ಬಂದು ಪಕ್ಕದಲ್ಲಿ ನಿಂತು ಇಣುಕಿದರು.

“ಈಗ ಯಾರಿಗೆ ಕಾರ್ಡು?” ಎಂದರು. “ನಂಗಾ?”

“ಇರಮ್ಮ.”

“ಒಳಗಿರೋದು ಎರಡು. ಅದರಲ್ಲಿ ಒಂದಕ್ಕೆ ಬಾಲ ಇಲ್ಲ. ಇಷ್ಟಕ್ಕೂ ಲೆಕ್ಕದ ಮೇಷ್ಟ್ರನ್ನ ಕರೆಸ್ಬೇಕೇನೋ?”

ಆದರೂ ಪೀಪಿಗೆ ನಂಬಿಕೆ ಬರಲಿಲ್ಲ. ಚಿಕ್ಕಮ್ಮ ಅವನನ್ನೇ ನೋಡುತ್ತ, ಬಾಯಿ ತೆರೆದು ಮುಚ್ಚುತ್ತ, ಏನೂ ಅರಿಯದ ಪಾಪಚ್ಚಿಯಂತೆ ತೇಲುತ್ತಿದ್ದಳು. ಅವನು ಷಡ್ಡಕನೊಬ್ಬನನ್ನು ತಂದು ತೊಟ್ಟಿಗೆ ಬಿಟ್ಟ. ಈ ಸಲ ಬೇರೆ ಥರ ನೋಡುವುದು ಎಂದು ತೀರ್ಮಾನಿಸಿದ. ನೀರು ಎಲ್ಲಿ ಬೇಕಾದರೂ ಕದಡಲಿ, ತನ್ನ ಕಣ್ಣು ಮಾತ್ರ ಚಿಕ್ಕಮ್ಮನ ಮೇಲಿಂದ ಏಳಬಾರದು.

ಅಬ್ಬಬ್ಬಾ, ಅದೇನು ಕೈಚಳಕ! ಕೈಯಿಲ್ಲದ್ದಕ್ಕೆ ಬಾಯಿಚಳಕ ಅನ್ನಿ. ಚಿಕ್ಕಮ್ಮ ಯಾವ ಆತುರವೂ ಇಲ್ಲದೆ, ಬೇರೆಲ್ಲೋ ಹೋಗುವವಳಂತೆ, ಪಕ್ಕಪಕ್ಕಕ್ಕೆ ಜಾರಿದಳು. ಷಡ್ಡಕನ ಹಿಂದೆ ಬಂದದ್ದೇ ತಡ, ಚುಟುಕ್! ಬಾಲದ ತುದಿ ಕಚ್ಚಿ ಎಳೆದು, ಅವನು ತಿರುಗುವಷ್ಟರಲ್ಲಿ ಎರಡು ಕಲ್ಲಿನ ಆಚೆ ನಿಂತು ಪಾಚಿ ಮೇಯುತ್ತಿದ್ದಳು. ನೋವು ತಡೆಯಲಾರದೆ ಷಡ್ಡಕ ಕೆಂಡವಾಗಿ ಅವಳ ಮೇಲೆ ನುಗ್ಗಿದ. ನೀರು ಕದಡಿತು. ಇದುವರೆಗೆ ಪೀಪಿ ತಲೆಯೆತ್ತಿ ನೋಡುತ್ತಿದ್ದದ್ದು ಇಲ್ಲಿಂದ ಮುಂದಕ್ಕೆ.

ಅವನಿಗೆ ನಗು ಬಂತು. ಬನಿಯನ್ನಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ಪಾಪ ದೊಡ್ಡಪ್ಪ, ಇಷ್ಟು ದಿನ ಬಕೆಟ್ಟಿನಲ್ಲಿ ತಟ್ಟೆ ಮುಚ್ಚಿಸಿಕೊಂಡು ಕೂತಿದ್ದನಲ್ಲ! ನಗುತ್ತ ನಗುತ್ತಲೇ, ಎರಡನೇ ಏಟು ಮಾತ್ರ ಕಾಣ್ಸತ್ತೆ ಎಂದು ಗೋಡೆ ಹೇಳಿದ್ದು ನೆನಪಾಯಿತು. ಅಂಗಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಮೀನಿನಂಗಡಿಗೆ ಓಡಿದ.

“ಆ ಭಾನುವಾರ ಚೆಂಡು ಎಸೆಯೋಕೆ ಮುಂಚೆ ಏನಾಯ್ತು?”

ಮೀನಿನಂಗಡಿಯವನು ಬಾಗಿಲು ಮುಚ್ಚುತ್ತಿದ್ದವನು ಹಾಗೇ ನಿಂತ. “ಕೊನೆಗೂ ಕೇಳಿದ್ಯಲ್ಲ ಮಾರಾಯ! ಆ ಫಾರ್ವರ್ಡ್ ಹುಡುಗಿ ಓಡಿಹೋಗೋವಾಗ ಗೋಡೆಯ ಬೆರಳು ತುಳಿದ್ಲು. ಬೇಕಂತಲೇ. ನಾನು ತೋಳು ಬಿದ್ದುಹೋಗೋ ತನಕ ಬಾವುಟ ಎತ್ತಿದ್ದೆ. ನೀನು ಆಗ್ಲೇ ಕಾರ್ಡು ತೆಗೆದಿದ್ದೆ.”

“ಆಮೇಲಾದ್ರೂ ಹೇಳ್ಬಾರದಿತ್ತಾ?”

“ಬಂದೆನಲ್ಲ! ಬಾಯಿ ತೆರೆಯೋಕೆ ಮುಂಚೆ, ಕೊಟ್ಟ ತೀರ್ಪು ಕೊಟ್ಟಾಯ್ತು ಅಂದ್ಬಿಟ್ಟೆ. ಅಂಗಿ ಹಿಂದುಮುಂದಾಗಿದೆ, ಸರಿಮಾಡ್ಕೊಂಡು ಹೋಗು.”

ಗಾಜಿನಂಗಡಿಯಲ್ಲಿ ಗೋಡೆ ಉದ್ದ ಮೇಜಿನ ಮೇಲೆ ಬಾಗಿ ಗಾಜಿಗೆ ಗೆರೆ ಎಳೆಯುತ್ತಿದ್ದಳು. ಗೆರೆ ಮುಗಿಯುವ ತನಕ ಪೀಪಿ ಉಸಿರು ಹಿಡಿದು ಬಾಗಿಲಲ್ಲೇ ನಿಂತ. ಅವಳು ಗಾಜನ್ನು ಮೇಜಿನ ಅಂಚಿಗೆ ತಂದು ಟಕ್ಕೆಂದು ಮುರಿದಳು. ಬಲಗೈಯ ಎರಡು ಉಗುರು ಕಪ್ಪಾಗಿದ್ದವು. ಆ ಬೆರಳುಗಳೇ ಅವಳ ಅನ್ನ ಎಂಬುದು ಅವನಿಗೆ ಆಗ ಹೊಳೆಯಿತು.

“ನಾನು ನೋಡ್ಲಿಲ್ಲ,” ಎಂದ.

“ಯಾವುದನ್ನ?”

“ಮೊದಲನೇದನ್ನ. ನನ್ನ ಬೆನ್ನು ಆ ಕಡೆ ಇತ್ತು. ಕೇಳಬೇಕಿತ್ತು, ಕೇಳ್ಲಿಲ್ಲ. ಫುಟ್‌ಬಾಲ್ ಸಂಘಕ್ಕೆ ಹೋಗಿ ಹಾಗೇ ಹೇಳ್ತೀನಿ.”

“ಹೇಳಿದ್ರೆ ನಿಮ್ಮ ಮರ್ಯಾದೆ ಹೋಗತ್ತೆ.”

“ಹೋಗ್ಲಿ.”

ಗೋಡೆ ಮೊದಲ ಸಲ ತಲೆಯೆತ್ತಿ ನೋಡಿದಳು. ಪೀಪಿ ಇನ್ನೊಂದು ಮಾತನ್ನೂ ಆಡಲು ಬಾಯಿ ತೆರೆದ. ಗಂಟಲಲ್ಲಿ ಗಾಳಿ ಬಿಟ್ಟು ಬೇರೇನೂ ಹೊರಡಲಿಲ್ಲ. ತೆರೆದ ಬಾಯಿ ತೆರೆದಂತೆಯೇ ಹೊರಗೆ ಬಂದ.

ಸಂಘದ ಕಾರ್ಯದರ್ಶಿಯ ಕೋಣೆಯಲ್ಲಿ ಪೀಪಿ ಎಲ್ಲವನ್ನೂ ಹೇಳಿದ. ಲೈನ್ಸ್‌ಮನ್ನೂ ಬಂದು ಹೌದೆಂದ. ಕಾರ್ಯದರ್ಶಿ ತಲೆ ಕೆರೆದುಕೊಂಡರು. “ತುಳಿದವಳಿಗೂ ಶಿಕ್ಷೆ ಕೊಡೋಣ. ಆದ್ರೆ ಎಸೆದಿದ್ದು ಎಸೆದಿದ್ದೇ ಅಲ್ವೇನ್ರಿ? ಅವಳು ಫೈನಲ್ ಆಡೋ ಹಾಗಿಲ್ಲ. ಮತ್ತೆ ನೀವು... ನೋಡ್ಲಿಲ್ಲ ಅಂತ ನೀವೇ ಹೇಳ್ತಿದ್ದೀರ. ಫೈನಲ್ಲಿಗೆ ಬೇರೆ ರೆಫರಿ ನೋಡ್ತೀವಿ,” ಎಂದರು.

ಹೀಗೆ ಗೋಡೆಗೆ ಫೈನಲ್ ಸಿಗಲಿಲ್ಲ, ಪೀಪಿಗಿದ್ದದ್ದೂ ಹೋಯಿತು. ಅವನು ಮನೆಗೆ ಬಂದು ತೊಟ್ಟಿಗೆ ಕೈ ಹಾಕಿದ. ಚಿಕ್ಕಮ್ಮ ಬಕೆಟ್ಟಿಗೆ ವರ್ಗವಾದಳು. ಕಲ್ಲುಗಳನ್ನೆಲ್ಲ ಕಿತ್ತು ಹೊಸ ಗುಹೆ, ಹೊಸ ಸಂದಿ ಕಟ್ಟಿ, ದೀಪ ಆರಿಸಿ, ನೆಂಟರನ್ನೆಲ್ಲ ಒಟ್ಟಿಗೆ ಒಳಗೆ ಬಿಟ್ಟ. ಗೆಳೆಯನ ಮಾತು ಕೇಳಿ ನಾಲ್ಕು ಹೊಸ ಮೀನೂ ತಂದ. ಎಲ್ಲರೂ ತಮ್ಮ ತಮ್ಮ ಜಾಗ ಹಿಡಿದ ಮೇಲೆ ಕೊನೆಗೆ ಚಿಕ್ಕಮ್ಮನನ್ನು ಬಿಟ್ಟ. ಅವಳು ಹಳೆಯ ದಾರಿ ಹುಡುಕುತ್ತ ದೊಡ್ಡಪ್ಪನ ಹೊಸ ಮನೆಯೊಳಗೇ ಹೋಗಿ, ಹೋದಷ್ಟೇ ವೇಗವಾಗಿ ಹೊರಗೆ ಬಂದಳು. ಅಮ್ಮ ಚಪ್ಪಾಳೆ ತಟ್ಟಿದರು. ಜಗಳ ಪೂರ್ತಿ ನಿಂತಿತೆಂದರೆ ಸುಳ್ಳಾಗುತ್ತದೆ. ಆದರೆ ಸೊಸೆ ಊಟಕ್ಕೆ ಇಳಿದು ಬಂದಳು, ಬಾಲ ಚಿಗುರತೊಡಗಿತು.

ಫೈನಲ್ ದಿನ ಅಮ್ಮನಿಗೆ ದಿಂಬು ಹಿಡಿದುಕೊಂಡು ಪೀಪಿ ಪ್ರೇಕ್ಷಕರ ಮೆಟ್ಟಿಲು ಹತ್ತಿದ. ಅಲ್ಲಿ ಗೋಡೆ ಕೂತಿದ್ದಳು. ಅಮ್ಮ ಸೀದಾ ಹೋಗಿ ಅವಳ ಪಕ್ಕ ಕೂತು, ಇನ್ನೊಂದು ಪಕ್ಕ ತೋರಿಸಿ, “ಅಲ್ಲಿ ಕೂತ್ಕೊಳ್ಳೋ,” ಎಂದರು. ಗೋಡೆ ಸರಿದು ಜಾಗ ಬಿಟ್ಟಳು.

ಸೀಟಿಯಿಲ್ಲದೆ ಪಂದ್ಯ ನೋಡುವುದು ಎಂಥ ಹಿಂಸೆ ಎಂದು ಪೀಪಿಗೆ ಅವತ್ತು ಗೊತ್ತಾಯಿತು. ತುಟಿ ಕಚ್ಚಿದ, ಕೈ ಹಿಸುಕಿಕೊಂಡ. ಗೋಡೆಯ ಜಾಗದಲ್ಲಿ ನಿಂತಿದ್ದ ಎಳೆ ಹುಡುಗಿಯನ್ನು ಎದುರು ಪಕ್ಷದವಳೊಬ್ಬಳು ಮೊಣಕೈಯಿಂದ ತಿವಿದಳು. ಹುಡುಗಿ ತಿರುಗಿ ತಳ್ಳಿದಳು. ಹೊಸ ರೆಫರಿ ಪುರ್‍ರ್ ಎಂದು ಓಡಿಬಂದು ಹುಡುಗಿಗೇ ಕಾರ್ಡು ತೆಗೆದ!

ಆಗ ಪೀಪಿಯೊಳಗೆ ಏನೋ ಕಟ್ಟೆಯೊಡೆಯಿತು. ಬೆಂಚಿನ ಮೇಲೆ ಹತ್ತಿ ನಿಂತು, “ಏಯ್ ರೆಫರಿ! ಮೊದಲನೇದು ನೋಡಲಿಲ್ವೇನಯ್ಯಾ? ಕಣ್ಣಲ್ಲಿ ಏನಿಟ್ಕೊಂಡಿದ್ದೀಯ, ಗೋಲಿನಾ?” ಎಂದು ಕೂಗಿದ. ಇಡೀ ಮೈದಾನ ತಿರುಗಿ ನೋಡಿತು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. “ನಿನ್ನ ತಕ್ಕಡಿಗೆ ಮುದ್ರೆ ಹಾಕಿದೋರು ಯಾರಯ್ಯಾ?” ಎಂದೂ ಸೇರಿಸಿದ. ಆಹಾ, ಎಷ್ಟು ಹಾಯೆನಿಸಿತು! ಇಷ್ಟು ವರ್ಷ ಜನ ತನ್ನನ್ನು ನೋಡಿ ಅರಚುತ್ತಿದ್ದದ್ದು ಈ ಸುಖಕ್ಕೇ ಎಂದು ತಿಳಿಯಿತು. ಹೊಸ ರೆಫರಿ ಆಟ ನಿಲ್ಲಿಸಿ, ಮೆಟ್ಟಿಲ ಕಡೆ ಬಂದು, ಗೇಟಿನತ್ತ ಬೆರಳು ತೋರಿಸಿದ. ಹೊರಗೆ!

ಪೀಪಿ ರಾಜನಂತೆ ನಡೆದುಹೋದ. ಹೊರಗಿನ ರಸ್ತೆಯಲ್ಲಿ ಎತ್ತರದ ಕಾಂಪೌಂಡಿನ ಬದಿಗೆ ನಿಂತು ಕಿವಿಗೊಟ್ಟ. ಹಿಂದೆ ಹೆಜ್ಜೆ ಸದ್ದು. ಗೋಡೆ!

“ನೀನ್ಯಾಕೆ ಬಂದೆ? ನಿಮ್ಮ ತಂಡ ಒಳಗಿದೆ,” ಎಂದ ಅವನು ಕಕ್ಕಾಬಿಕ್ಕಿಯಾಗಿ.

ಅವಳು ನಗುತ್ತ ನಗುತ್ತ ಕಾಂಪೌಂಡಿಗೆ ಒರಗಿ ಕುಸಿಯುವಂತಿದ್ದಳು. “ತಕ್ಕಡಿಗೆ ಮುದ್ರೆ... ಅಯ್ಯೋ ದೇವರೇ!” ಎಂದಳು. ಕಣ್ಣೊರೆಸಿಕೊಂಡು, “ಒಂದು ನಿಜ ಹೇಳ್ಲಾ? ಆ ಚೆಂಡನ್ನ ನಾನು ಬೇಕಂತಲೇ ಎಸೆದೆ. ಜೋರಾಗಿ. ತುಂಬಾ ಖುಷಿಯಾಯ್ತು. ಕಾರ್ಡು ಕೊಟ್ಟಿದ್ದಕ್ಕಲ್ಲ ನಂಗೆ ಕೋಪ. ಏನಾಯ್ತು ಅಂತ ನೀನು ಒಂದು ಮಾತು ಕೇಳ್ಲಿಲ್ಲ ನೋಡು, ಅದಕ್ಕೆ.”

ನೀನು ಎಂದಳು! ಪೀಪಿಯ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಒಳಗಿಂದ ಓ ಎಂದು ಕೂಗು ಎದ್ದಿತು. ಯಾರೋ ಒದ್ದ ಚೆಂಡು ಗೋಲುಕಂಬದ ಮೇಲಿಂದ, ಕಾಂಪೌಂಡಿನ ಮೇಲಿಂದ ಹಾರಿ ರಸ್ತೆಯ ಕಡೆ ಬಂತು. ಗೋಡೆ ಮಂಡಿಯನ್ನೂ ಮರೆತು, ಉಗುರನ್ನೂ ಮರೆತು, ಎರಡು ಹೆಜ್ಜೆ ಓಡಿ ಚಂಗನೆ ನೆಗೆದು ಎರಡೂ ಕೈಯಲ್ಲಿ ಹಿಡಿದಳು. ಎದೆಗವಚಿಕೊಂಡು ಕೆಳಗಿಳಿದಳು. ಅವಳ ಮುಖ ಬೆಳಗುತ್ತಿತ್ತು. ಫೈನಲ್ಲಿನಲ್ಲಿ ಅವಳಿಗೆ ಸಿಕ್ಕ ಚೆಂಡು ಅದೊಂದೇ.

“ಚೆಂಡು! ಚೆಂಡು!” ಎಂದು ಒಳಗಿಂದ ಕೂಗಿದರು.

“ಕೊಟ್ಬಿಡು,” ಎಂದ ಪೀಪಿ. “ಅಷ್ಟು ಹೊತ್ತು ಹಿಡ್ಕೊಳ್ಳೋ ಹಾಗಿಲ್ಲ. ನಿಯಮ ಇದೆ.”

“ಇದು ಮೈದಾನ ಅಲ್ಲ, ರಸ್ತೆ. ಇಲ್ಲಿ ನೀನು ರೆಫರಿನೂ ಅಲ್ಲ. ಅವತ್ತು ಅಂಗಡೀಲಿ ಬಾಯಿ ತೆಗೆದು ನಿಂತ್ಯಲ್ಲ, ಅದೇನು ಅಂತ ಹೇಳು. ಹೇಳೋ ತನಕ ಚೆಂಡು ಕೊಡಲ್ಲ.”

“ಪಂದ್ಯ ನಿಂತಿದೆ!”

“ನಿಲ್ಲಲಿ.”

ಒಳಗೆ ಗದ್ದಲ ಏರಿತು, ಹೊಸ ರೆಫರಿಯ ಸೀಟಿ ಕಿರುಚಿತು. ಪೀಪಿ ಕಣ್ಣು ಮುಚ್ಚಿಕೊಂಡು, ಆ ಗದ್ದಲವನ್ನೂ ಮೀರಿಸಿ, “ನನ್ನನ್ನ ಮದುವೆಯಾಗ್ತೀಯಾ?” ಎಂದು ಅರಚಿದ. ಅವನ ದನಿ ಅಷ್ಟು ದೊಡ್ಡದೆಂದು ಅವನಿಗೇ ಗೊತ್ತಿರಲಿಲ್ಲ. ಕಾಂಪೌಂಡಿನ ಆಚೆ ಗದ್ದಲ ಒಮ್ಮೆಗೇ ನಿಂತುಹೋಯಿತು.

ಗೋಡೆ ಏನೋ ಹೇಳಿದಳು, ಪೀಪಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಆಮೇಲೆ ಚೆಂಡನ್ನು ಎಸೆಯಲು ಕೈಯೆತ್ತಿದಳು.

“ಚೆಂಡು ಆಮೇಲೆ ಎಸೆಯಮ್ಮ!” ಎಂದು ಕಾಂಪೌಂಡಿನ ಒಳಗಿಂದ ಅಮ್ಮನ ಕೂಗು ಕೇಳಿತು. “ಮೊದಲು ಏನಂದೆ ಅಂತ ಜೋರಾಗಿ ಹೇಳು, ಇಲ್ಲಿ ಎಲ್ರೂ ಕಾಯ್ತಿದ್ದೀವಿ!”